ವಯಸ್ಕರಿಗೆ ಕಲಿಸಲು ಹೊರಟವರಿಗೆ ಆರಂಭಿಕ ತರಬೇತಿ ಏಕೆ?

ಪ್ರಶ್ನೆ: ಬಹಳ ವರ್ಷ ಲೆಕ್ಕಪತ್ರದ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ದುಡಿಯುತ್ತಿರುವ ವಯಸ್ಕರಿಗೆ ಸಂಜೆಯ ತರಗತಿಗಳಲ್ಲಿ ಲೆಕ್ಕ ಬರೆಯುವುದನ್ನು ಕಲಿಸಬೇಕೆಂಬ ಆಸೆಯಿದೆ. ಅದಕ್ಕೆ ಮೊದಲು ಬೋಧಕರ ಆರಂಭಿಕ ತರಬೇತಿ ಪಡೆಯಿರಿ ಎಂದು ಪರಿಚಿತರು ಹೇಳುತ್ತಾರೆ. ವಿಷಯವನ್ನು ಚೆನ್ನಾಗಿ ಬಲ್ಲವರಿಗೂ ಅದು ಬೇಕೆ? ಅಲ್ಲಿ ಏನನ್ನು ಹೇಳಿಕೊಡುತ್ತಾರೆ?

ಉತ್ತರ: ಬೇಕು. ವಿಷಯವನ್ನು ಚೆನ್ನಾಗಿ ಬಲ್ಲವರಿಗೇ ಅದರ ಅಗತ್ಯ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸ ಕೈಗೆ ಹತ್ತಿದವರು ಅದರ ನಡುವಿನ ಹೆಜ್ಜೆಗಳನ್ನು ಯೋಚಿಸದೆಯೇ ದಾಟಿಬಿಡುವುದರಿಂದ, ಯಾವುದನ್ನು ಜಮೆಗೆ ಹಾಕಬೇಕು, ಯಾವುದನ್ನು ಖರ್ಚಿಗೆ ಹಾಕಬೇಕು ಎಂಬಲ್ಲೇ ತಡವರಿಸುವ ಹೊಸಬರ ತೊಡಕು ಅವರಿಗೆ ಸುಲಭವಾಗಿ ಕಾಣುವುದಿಲ್ಲ.

ಇಂಥ ತರಬೇತಿಯಲ್ಲಿ ಸಾಮಾನ್ಯವಾಗಿ ಮೊದಲಿಗೆ ಬರುವ ಹೆಸರು ಅಮೆರಿಕದ ಶಿಕ್ಷಣತಜ್ಞ ಮಾಲ್ಕಂ ನೋಲ್ಸ್ ಅವರದು. ವಯಸ್ಕರು ತಾವು ಏಕೆ ಕಲಿಯಬೇಕೆಂಬುದನ್ನು ತಿಳಿಯಬಯಸುತ್ತಾರೆ, ತಮ್ಮ ಅನುಭವವನ್ನು ಜೊತೆಗೇ ತರುತ್ತಾರೆ, ಬದುಕಿನಲ್ಲಿ ಎದುರಾದ ಕೆಲಸಕ್ಕೆ ನೆರವಾಗುವುದನ್ನು ಬೇಗ ಹಿಡಿಯುತ್ತಾರೆ ಎಂದು ಅವರು 1960ರ ದಶಕದ ಕೊನೆಯಿಂದ ವಿವರಿಸುತ್ತ ಬಂದರು. ಮಕ್ಕಳಿಗೊಂದು ರೀತಿ, ವಯಸ್ಕರಿಗೊಂದು ರೀತಿ ಎಂಬ ಕಟ್ಟುನಿಟ್ಟಾದ ಗೆರೆಯನ್ನು ಮುಂದೆ ಅವರೇ ಸಡಿಲಿಸಿದ್ದನ್ನೂ ಮರೆಯಬಾರದು. ವಿಷಯಕ್ಕೆ ತೀರ ಹೊಸಬರಾದ ವಯಸ್ಕರು ಹೆಜ್ಜೆಹೆಜ್ಜೆಗೂ ಹೇಳಿಕೊಡುವವರನ್ನೇ ಬಯಸುವುದುಂಟು.

ನನ್ನ ದೃಷ್ಟಿಯಲ್ಲಿ ಈ ತತ್ತ್ವಗಳಿಗಿಂತ ಹೆಚ್ಚು ಉಪಯುಕ್ತವಾದದ್ದು ಕಿರುಪಾಠದ ಅಭ್ಯಾಸ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ತರಬೇತಿಗಾಗಿ ರೂಪುಗೊಂಡ ಈ ಪದ್ಧತಿಯಲ್ಲಿ, ಅಭ್ಯರ್ಥಿಯು ಚಿಕ್ಕದೊಂದು ಗುಂಪಿನ ಮುಂದೆ ಕೆಲವೇ ನಿಮಿಷ ಪಾಠ ಮಾಡುತ್ತಾರೆ. ಬಳಿಕ ಕಲಿತವರೂ ತರಬೇತುದಾರರೂ ತಾವು ಕಂಡದ್ದನ್ನು ಹೇಳುತ್ತಾರೆ. ನೀವು ಸ್ಪಷ್ಟವಾಗಿ ಹೇಳಿದೆನೆಂದು ನಂಬಿದ ಮಾತು ಎದುರಿದ್ದವರಿಗೆ ಹೇಗೆ ತಲುಪಿತು ಎಂಬುದು ಆಗ ತಿಳಿಯುತ್ತದೆ. ಇದನ್ನು ಮನೆಯಲ್ಲಿ ಒಬ್ಬರೇ ಓದಿ ತಿಳಿಯಲು ಸಾಧ್ಯವಿಲ್ಲವಾದ್ದರಿಂದ, ಕಿರುಪಾಠಕ್ಕೆ ಅವಕಾಶವಿಲ್ಲದ ತರಬೇತಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಆ ಪಾಠಕ್ಕೆ ಯೋಜನೆ ಬರೆಯುವಾಗ ಕೊನೆಯಿಂದ ಆರಂಭಿಸಬೇಕು. ‘ನಗದು ಪುಸ್ತಕವನ್ನು ಅರ್ಥಮಾಡಿಕೊಳ್ಳುತ್ತಾರೆ’ ಎಂದು ಬರೆದರೆ ಅದು ಆಯಿತೋ ಇಲ್ಲವೋ ಎಂದು ನೋಡುವ ಬಗೆಯೇ ಇಲ್ಲ. ‘ಕೊಟ್ಟ ಐದು ರಸೀದಿಗಳನ್ನು ನಗದು ಪುಸ್ತಕದಲ್ಲಿ ನಮೂದಿಸಬಲ್ಲರು’ ಎಂದು ಬರೆದರೆ ಪಾಠದ ಪ್ರತಿ ಹೆಜ್ಜೆಯೂ ಆ ರಸೀದಿಗಳತ್ತ ಸಾಗುತ್ತದೆ. ‘ಅರ್ಥವಾಯಿತೆ?’ ಎಂಬ ಪ್ರಶ್ನೆಯನ್ನು ದಯವಿಟ್ಟು ನೆಚ್ಚಿಕೊಳ್ಳಬೇಡಿ. ಸಹೋದ್ಯೋಗಿಗಳ ಎದುರು ತಿಳಿಯಲಿಲ್ಲವೆನ್ನಲು ಸಂಕೋಚಪಡುವ ವಯಸ್ಕರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದರ ಬದಲು ಒಂದು ನಮೂದನ್ನು ಅವರ ಕೈಯಿಂದಲೇ ಬರೆಯಿಸಿ, ಹಾಗೇಕೆ ಬರೆದಿರೆಂದು ಕೇಳಿ. ತಪ್ಪಿದ್ದರೆ ಅದನ್ನು ಎಲ್ಲರ ಮುಂದೆ ಎತ್ತಿ ತೋರಿಸದೆ, ಅವರ ಬಳಿ ಹೋಗಿ ತಿದ್ದಿ.

ಪ್ರಶ್ನೆ: ಓದುಬರಹ ಬಾರದ ಹಿರಿಯರಿಗೆ ಅಕ್ಷರ ಕಲಿಸಲು ಸ್ವಯಂಸೇವಕಿಯಾಗಿ ಸೇರಿದ್ದೇನೆ. ತರಬೇತಿ ಆರಂಭವಾಗುವವರೆಗೆ ಮಕ್ಕಳ ಮೊದಲ ಪಾಠಪುಸ್ತಕವನ್ನೇ ಬಳಸಬಹುದೆ?

ಉತ್ತರ: ಬೇಡ. ಸಂಸಾರ ನಡೆಸಿ, ದುಡಿದು, ಹತ್ತಾರು ನಿರ್ಧಾರಗಳನ್ನು ಕೈಗೊಂಡವರ ಮುಂದೆ ಮಕ್ಕಳ ಚಿತ್ರಗಳ ಪುಸ್ತಕವನ್ನಿಟ್ಟರೆ ಅವರ ಮನಸ್ಸು ಮುದುಡುವ ಸಾಧ್ಯತೆಯೇ ಹೆಚ್ಚು. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೊ ಫ್ರೇರಿ 1963ರಲ್ಲಿ ಅಲ್ಲಿನ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಶ್ರಮಿಕರಿಗೆ ಓದುಬರಹ ಕಲಿಸುವ ಕಾರ್ಯಕ್ರಮ ನಡೆಸಿದಾಗ, ಕಲಿಯುವವರ ದಿನನಿತ್ಯದ ಬದುಕಿನಿಂದಲೇ ಪದಗಳನ್ನು ಆಯ್ದುಕೊಂಡು, ಅವುಗಳ ಬಗ್ಗೆ ಮಾತನಾಡಿಸಿ, ಆಮೇಲೆ ಅವನ್ನು ಒಡೆದು ಅಕ್ಷರಗಳ ಪರಿಚಯ ಮಾಡಿಸುವ ಕ್ರಮವನ್ನು ಅನುಸರಿಸಿದರು. ನೀವೂ ಮೊದಲ ದಿನ ಪಾಠಕ್ಕೆ ಆತುರಪಡದೆ, ಅವರಿಗೆ ಯಾವುದನ್ನು ಓದಬೇಕೆಂಬ ಬಯಕೆಯಿದೆ ಎಂದು ಕೇಳಿ. ಒಬ್ಬರು ಔಷಧದ ಚೀಟಿ ಎನ್ನಬಹುದು, ಇನ್ನೊಬ್ಬರು ಬಸ್ಸಿನ ಫಲಕ, ಮತ್ತೊಬ್ಬರು ಮೊಮ್ಮಗಳ ಸಂದೇಶ. ನಿಮ್ಮ ಮೊದಲ ಪದಗಳು ಅಲ್ಲಿಂದಲೇ ದೊರೆಯುತ್ತವೆ. ಯಾರಾದರೂ ನಿಧಾನವಾಗಿ ಕಲಿಯುತ್ತಿದ್ದಾರೆಂದು ತೋರಿದರೆ, ಮೊದಲು ಅಕ್ಷರಗಳು ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿವೆಯೇ ಎಂಬುದನ್ನು ಕೇಳಿ ತಿಳಿದುಕೊಂಡು, ದಪ್ಪ ಅಕ್ಷರದಲ್ಲಿ ಬರೆದುಕೊಡಿ.