ಮಿನಿ ಟ್ರ್ಯಾಕ್ಟರ್‌ನ ಪವರ್ ಸ್ಟೇರಿಂಗ್ ಪೈಪು ಟೈರಿಗೆ ತಾಗುತ್ತಿದೆ, ಬೇರೆ ದಾರಿಯಲ್ಲಿ ಹಾಕಬಹುದಾ?

ಹಾಕಬಹುದು. ಆದರೆ ಪೈಪು ಎಲ್ಲಿ ತಾಗುತ್ತದೆ ಅಂತ ನೋಡಿ ಅಲ್ಲಿಂದ ಸರಿಸಿದರೆ ಸಾಲದು. ಮುಂದಿನ ಎಕ್ಸಲ್ ಹೇಗೆ ಅಲುಗಾಡುತ್ತದೆ ಅಂತ ನೋಡಿ ದಾರಿ ಹಿಡಿಯಬೇಕು.

ನೀವು ಹೇಳಿರುವುದು ಇಷ್ಟು: ತಿಕೋಟಾ ಹತ್ತಿರ ದ್ರಾಕ್ಷಿ ತೋಟ, ಸಾಲಿನಿಂದ ಸಾಲಿಗೆ 9 ಅಡಿ, 24 ಎಚ್‌ಪಿ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್. ಔಷಧಿ ಹೊಡೆಯುವ ಬ್ಲೋವರ್ ಕಟ್ಟಿಕೊಂಡು ಸಾಲಿನ ಕೊನೆಗೆ ತಿರುಗಿಸಲು ಸುಲಭ ಆಗಲಿ ಎಂದು ಮುಂದಿನ ರಿಮ್ ತಿರುವಿ ಹಾಕಿ ಟೈರನ್ನು ಒಳಗೆ ತಂದಿದ್ದೀರಿ. ಈಗ ಎಡಕ್ಕೆ ಫುಲ್ ಕಟ್ ಹೊಡೆದರೆ (ಸ್ಟೇರಿಂಗ್ ತುದಿಯವರೆಗೆ ತಿರುಗಿಸಿದರೆ) ಎಡ ಟೈರು ಸ್ಟೇರಿಂಗ್ ಪೈಪಿಗೆ ಉಜ್ಜುತ್ತದೆ. ರಬ್ಬರ್ ಸವೆದು ಒಳಗಿನ ತಂತಿ ಕಾಣುತ್ತಿದೆ. ಗ್ಯಾರೇಜಿನವರು ಪೈಪನ್ನು ಎಕ್ಸಲ್ ಮುಂದಿನಿಂದ ಸುತ್ತಿಸಿ ಹಾಕೋಣ ಎನ್ನುತ್ತಿದ್ದಾರೆ. ಅದು ಸರಿನಾ, ಪೈಪು ಎಷ್ಟು ಉದ್ದ ಬೇಕು ಅಂತ ಕೇಳಿದ್ದೀರಿ.

ಜಮಖಂಡಿ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಕಬ್ಬಿನ ಸೀಸನ್‌ನಲ್ಲಿ ದೊಡ್ಡ ಟ್ರ್ಯಾಕ್ಟರ್ ಕೆಲಸ, ಉಳಿದ ಟೈಮಿನಲ್ಲಿ ದ್ರಾಕ್ಷಿ, ದಾಳಿಂಬೆ ತೋಟದವರ ಮಿನಿ ಟ್ರ್ಯಾಕ್ಟರ್ ಕೆಲಸ. ಹಾಗಾಗಿ ಈ ತೊಂದರೆ ನನಗೆ ಹೊಸದಲ್ಲ.

ಮೊದಲ ಮಾತು, ತಂತಿ ಕಂಡ ಮೇಲೆ ಆ ಪೈಪಿನ ಆಯುಷ್ಯ ಮುಗಿದಂತೆ. ಟೇಪ್ ಸುತ್ತಿ ಇನ್ನೊಂದು ಔಷಧಿ ಹೊಡೆದು ನೋಡೋಣ ಅನ್ನಬೇಡಿ. ನಿಮ್ಮ ಟ್ರ್ಯಾಕ್ಟರ್‌ನಲ್ಲಿ ಸ್ಟೇರಿಂಗ್ ಚಕ್ರಕ್ಕೂ ಮುಂದಿನ ಗಾಲಿಗೂ ನಡುವೆ ಕಬ್ಬಿಣದ ರಾಡ್ ಸಂಬಂಧ ಇಲ್ಲ. ಇರುವುದು ಎಣ್ಣೆ ಮಾತ್ರ. ಪಂಪ್ ಕೆಟ್ಟರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಕೈ ಜೋರಿನಲ್ಲಿ ಹೇಗೋ ತಿರುಗಿಸಬಹುದು. ಗಾಲಿಯನ್ನು ತಳ್ಳಿ ತಿರುಗಿಸುವ ಸಿಲಿಂಡರ್‌ಗೆ ಹೋಗುವ ಪೈಪೇ ಒಡೆದರೆ ಚಕ್ರ ಸುಮ್ನೆ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ತೋಟದೊಳಗೆ ಆದರೆ ಒಂದು ಕಂಬ ಹೋಗುತ್ತದೆ. ಟ್ರೇಲರ್ ಕಟ್ಟಿಕೊಂಡು ರಸ್ತೆಯಲ್ಲಿದ್ದಾಗ ಆದರೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ.

ಎರಡನೆಯದು, ಪೈಪಿಗೆ ಕೈ ಹಾಕುವ ಮೊದಲು ರಿಮ್ ನೋಡಿ. ಕಂಪನಿಯವರು ಪೈಪಿಗೆ ಜಾಗ ಬಿಟ್ಟಿದ್ದು ಟೈರು ಹೊರಗಿದ್ದಾಗಿನ ಲೆಕ್ಕದಲ್ಲಿ. ಕೆಲವು ಫೋರ್ ವೀಲ್ ಮಾಡೆಲ್‌ಗಳಲ್ಲಿ ಮುಂದಿನ ರಿಮ್ ತಿರುವಿ ಹಾಕಲೇಬಾರದು ಎಂದು ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲೇ ಬರೆದಿರುತ್ತಾರೆ. ನಿಮ್ಮದರಲ್ಲೂ ಹಾಗಿದ್ದರೆ ರಿಮ್ ಮೊದಲಿನಂತೆ ಮಾಡುವುದೇ ಲೇಸು. ತಿರುವಬಹುದು ಅಂತಿದ್ದರೆ ಗಾಲಿ ಹತ್ತಿರ ಎಕ್ಸಲ್‌ಗೆ ಒಂದು ಸ್ಟಾಪರ್ ಬೋಲ್ಟ್ ಇರುತ್ತದೆ, ನೋಡಿ. ಗಾಲಿ ಎಷ್ಟು ತಿರುಗಬೇಕು ಎಂಬುದನ್ನು ತಡೆಯುವುದು ಅದೇ. ಲಾಕ್ ನಟ್ ಸಡಿಲಿಸಿ ಸ್ವಲ್ಪ ಹೊರಗೆ ತಂದರೆ ಕಟ್ ಸ್ವಲ್ಪ ಕಮ್ಮಿಯಾಗುತ್ತದೆ, ಟೈರು ಪೈಪಿನಿಂದ ದೂರ ನಿಲ್ಲುತ್ತದೆ. ಎರಡೂ ಕಡೆ ಸಮ ಇರಬೇಕು. ತಿರುಗಿಸಲು ಜಾಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ನಿಜ. ಆದರೆ ಎಷ್ಟೋ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಹೊಸ ಪೈಪನ್ನು ಹಳೇ ದಾರಿಯಲ್ಲೇ ಹಾಕಬಹುದು.

ಇಷ್ಟಾದರೂ ತಾಗುತ್ತದೆ ಅಂದರೆ ದಾರಿ ಬದಲಿಸೋಣ.

ಎಕ್ಸಲ್ ಮುಂದಿನಿಂದ ಸುತ್ತಿಸುವ ಐಡಿಯಾ ನನಗೆ ಹಿಡಿಸಲಿಲ್ಲ. ಎಡಕ್ಕೆ ಕಟ್ ಹೊಡೆದಾಗ ಎಡ ಟೈರಿನ ಹಿಂಭಾಗ ಒಳಗೆ ಬರುತ್ತದೆ, ಅದಕ್ಕೇ ಈಗ ಪೈಪು ಉಜ್ಜುತ್ತಿರುವುದು. ಬಲಕ್ಕೆ ಹೊಡೆದಾಗ ಅದೇ ಟೈರಿನ ಮುಂಭಾಗ ಒಳಗೆ ಬರುತ್ತದೆ. ಅಂದರೆ ಪೈಪನ್ನು ಮುಂದೆ ತಂದರೆ ಉಜ್ಜುವುದು ನಿಲ್ಲುವುದಿಲ್ಲ, ಎಡಕ್ಕೆ ಹೊಡೆದಾಗ ಆಗುತ್ತಿದ್ದದ್ದು ಬಲಕ್ಕೆ ಹೊಡೆದಾಗ ಆಗುತ್ತದೆ ಅಷ್ಟೇ. ಮೇಲಾಗಿ ಮುಂದಿದ್ದ ಪೈಪಿಗೆ ಕಡ್ಡಿ, ಕಲ್ಲು, ಬಳ್ಳಿ ಎಲ್ಲ ಮೊದಲು ಬಡಿಯುತ್ತವೆ.

ಇನ್ನೂ ಮುಖ್ಯವಾದದ್ದು ಎಕ್ಸಲ್‌ನ ಅಲುಗಾಟ. ಮುಂದಿನ ಎಕ್ಸಲ್ ನಡುವಿನ ಒಂದು ಪಿನ್ ಮೇಲೆ ತೂಗುತ್ತದೆ. ಎಡ ಗಾಲಿ ಬದು ಹತ್ತಿದರೆ ಎಡಗಡೆ ಮೇಲೆ, ಬಲಗಡೆ ಕೆಳಗೆ. ಪಿನ್‌ನಿಂದ ದೂರ ಹೋದಷ್ಟೂ ಏರಿಳಿತ ಜಾಸ್ತಿ, ಪಿನ್ ಹತ್ತಿರ ಬಹಳ ಕಮ್ಮಿ. ಚಕ್ರ ತಿರುಗಿಸಿದಂತೆ ಎಣ್ಣೆ ಕಳಿಸುವ ಸ್ಟೇರಿಂಗ್ ಯೂನಿಟ್ ಇರುವುದು ಚಾಸಿ ಮೇಲೆ, ಸಿಲಿಂಡರ್ ಇರುವುದು ಎಕ್ಸಲ್ ಮೇಲೆ. ಆದ್ದರಿಂದ ಪೈಪು ಚಾಸಿಯಿಂದ ಎಕ್ಸಲ್‌ಗೆ ದಾಟುವ ಜಾಗ ಪಿನ್‌ಗೆ ಎಷ್ಟು ಹತ್ತಿರ ಇರುತ್ತದೋ ಅಷ್ಟು ಒಳ್ಳೆಯದು. ಅಲ್ಲಿಂದ ಮುಂದೆ ಎಕ್ಸಲ್‌ಗೆ ಅಂಟಿಕೊಂಡಂತೆ ಸಿಲಿಂಡರ್‌ವರೆಗೆ ಹೋಗಲಿ. ಎಕ್ಸಲ್ ಜೊತೆ ತಾನೂ ಏರಿಳಿಯುವ ಪೈಪಿಗೆ ಎಳೆತ ಇರುವುದಿಲ್ಲ, ಅಲ್ವಾ?

ಬಾಗಲಕೋಟೆ ಕಡೆಯಿಂದ ಒಬ್ಬ ದಾಳಿಂಬೆ ತೋಟದವರು ಬಂದಿದ್ದರು. ಪೈಪು ಬೇರೆ ಕಡೆ ಹಾಕಿಸಿದ್ದರು, ನೋಡಲು ಬಹಳ ನೀಟಾಗಿತ್ತು. ಸಿಮೆಂಟ್ ನೆಲದ ಮೇಲೆ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಎಲ್ಲೂ ತಾಗುತ್ತಿರಲಿಲ್ಲ. ಆದರೂ ನಿಪ್ಪಲ್ (ಪೈಪಿನ ತುದಿಗೆ ಕೂರಿಸುವ ಕಬ್ಬಿಣದ ಜೋಡಣೆ) ಬುಡದಲ್ಲಿ ಎಣ್ಣೆ ಜಿನುಗುತ್ತಿತ್ತು. ಒಂದು ಕಡೆ ಜಾಕ್ ಕೊಟ್ಟು ಎಕ್ಸಲ್ ಎತ್ತಿದೆ. ಅಷ್ಟೇ ಸಾಕಾಯಿತು. ಪೈಪು ತಂತಿಯಂತೆ ಬಿಗಿಯಾಗಿ, ನಿಪ್ಪಲನ್ನು ಪೈಪಿಗೆ ಹಿಡಿಸಲು ಪ್ರೆಸ್ ಮಾಡಿದ ಬಳೆಯ ಬಾಯಿಯಲ್ಲಿ ರಬ್ಬರ್ ಬಿರಿದು ಬೆಳ್ಳಗೆ ಕಾಣುತ್ತಿತ್ತು. ಬಳೆಯ ಒಳಗಿಂದ ಪೈಪು ಒಂದು ನೂಲಿನಷ್ಟು ಹೊರಗೆ ಬಂದಿತ್ತು. ಸಮತಟ್ಟು ನೆಲದಲ್ಲಿ ನೋಡಿ ಉದ್ದ ಕತ್ತರಿಸಿದ್ದರು, ಬದುವಿನ ಲೆಕ್ಕ ಯಾರೂ ಹಿಡಿದಿರಲಿಲ್ಲ.

ಹಾಗಾಗಿ ಉದ್ದ ಎಷ್ಟು ಬೇಕು ಎಂಬ ನಿಮ್ಮ ಪ್ರಶ್ನೆಗೆ ಇಲ್ಲಿಂದಲೇ ಒಂದು ಅಳತೆ ಹೇಳುವುದಿಲ್ಲ. ಅಳೆಯುವ ದಾರಿ ಹೇಳುತ್ತೇನೆ. ನಿಮ್ಮ ತೋಟದಲ್ಲಿ 16 ಮಿ.ಮೀ. ಡ್ರಿಪ್ ಪೈಪಿನ ಹಳೇ ತುಂಡು ಬಿದ್ದಿರುತ್ತದೆ. ಹೈಡ್ರಾಲಿಕ್ ಪೈಪಿನ ದಪ್ಪವೂ ಹೆಚ್ಚು ಕಮ್ಮಿ ಅಷ್ಟೇ. ಅದನ್ನೇ ಹೊಸ ದಾರಿಯಲ್ಲಿ ಓಡಿಸಿ, ಎರಡು ತುದಿ ಕಟ್ಟಿ. ಹಿಂದಿನ ಗಾಲಿಗೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ. ಮುಂದಿನ ಎಕ್ಸಲ್‌ನ ಎಡ ತುದಿಗೆ ಜಾಕ್ ಕೊಟ್ಟು, ಅದು ತಡೆಗೆ ತಾಗುವವರೆಗೆ ಎತ್ತಿ. ಚಾಸಿ ಕೆಳಗೆ ಗಟ್ಟಿ ಕಟ್ಟಿಗೆ ದಿಮ್ಮಿ ಇಡಿ, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಎಡಕ್ಕೆ ಫುಲ್ ಕಟ್ ಹೊಡೆದು ನೋಡಿ, ಬಲಕ್ಕೆ ಹೊಡೆದು ನೋಡಿ. ಆಮೇಲೆ ಬಲ ತುದಿ ಎತ್ತಿ ಮತ್ತೆ ಅದೇ. ಈ 4 ಸ್ಥಿತಿಯಲ್ಲೂ ಡ್ರಿಪ್ ಪೈಪು ಬಿಗಿಯಾಗಬಾರದು, ಟೈರಿಗೆ ತಾಗಬಾರದು, ಮಡಚಿಕೊಳ್ಳಲೂಬಾರದು. ಡ್ರಿಪ್ ಪೈಪಿನ ಒಂದು ಗುಣ ಅಂದರೆ ಜಾಸ್ತಿ ಬಗ್ಗಿಸಿದರೆ ಪಟ್ಟನೆ ಮಡಚಿ ಹೇಳಿಬಿಡುತ್ತದೆ. ಅದು ಮಡಚಿದ ಕಡೆ ತಿರುವು ದೊಡ್ಡದು ಮಾಡಿ. ಇದೆಲ್ಲ ಎಂಜಿನ್ ಬಂದ್ ಮಾಡಿಯೇ ಮಾಡಿ. ಟೈರು ನೆಲ ಬಿಟ್ಟಿದ್ದರೆ ಸ್ಟೇರಿಂಗ್ ನಿಧಾನವಾಗಿ ತಿರುಗುತ್ತದೆ.

ಹೀಗೆ ಸಿಕ್ಕ ಉದ್ದಕ್ಕೆ ಸ್ವಲ್ಪ ಸಡಿಲು ಸೇರಿಸಿ. ಪ್ರೆಶರ್ ಬಂದಾಗ ಇಂಥ ಪೈಪು ನೂರಕ್ಕೆ 4ರಷ್ಟು ಗಿಡ್ಡ ಆಗಬಹುದು, ನೂರಕ್ಕೆ 2ರಷ್ಟು ಉದ್ದವೂ ಆಗಬಹುದು. 1 ಮೀಟರ್ ಪೈಪು ಗಿಡ್ಡ ಆದರೆ ಅದು 40 ಮಿ.ಮೀ. ಹಾಗಂತ ಮೊಳದುದ್ದ ಜಾಸ್ತಿ ಬಿಟ್ಟರೆ ಆ ಜೋಲು ಮತ್ತೆ ಟೈರಿಗೇ ಹೋಗುತ್ತದೆ.

ತಿರುವಿನ ಲೆಕ್ಕ: ಕಾಲು ಇಂಚಿನ (ಇದು ಒಳತೂತಿನ ಅಳತೆ) ತಂತಿ ಪೈಪನ್ನು 100 ಮಿ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಗ್ಗಿಸಬಾರದು. 3/8 ಇಂಚಿನದಾದರೆ 130 ಮಿ.ಮೀ. ನಿಪ್ಪಲ್‌ನಿಂದ ಹೊರಬಂದ ಕೂಡಲೇ ತಿರುವು ಬೇಡ, 30 ಮಿ.ಮೀ. ಆದರೂ ನೇರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ಸೀದಾ ನಿಪ್ಪಲ್ ಬದಲು 45 ಅಥವಾ 90 ಡಿಗ್ರಿ ಬೆಂಡ್ ಇರುವುದನ್ನು ಪ್ರೆಸ್ ಮಾಡಿಸಿ. ಬಲವಂತವಾಗಿ ಬಗ್ಗಿಸುವುದಕ್ಕಿಂತ ಇದು ನೂರು ಪಾಲು ವಾಸಿ.

ಪೈಪು ಮಾಡಿಸಲು ಜೆಸಿಬಿ ಪೈಪು ಪ್ರೆಸ್ ಮಾಡುವ ಅಂಗಡಿಗೆ ಹೋಗಿ. ವಿಜಯಪುರದಲ್ಲೇ ಸಿಗುತ್ತದೆ. ಬೆಳಗಾವಿಗೆ ಹೋಗುವ ಕೆಲಸ ಇದ್ದರೆ ಉದ್ಯಮಬಾಗ್ ಕಡೆ ಹೈಡ್ರಾಲಿಕ್ ಬಲ್ಲವರು ಜಾಸ್ತಿ. ಹಳೇ ಪೈಪನ್ನು ಎರಡೂ ನಿಪ್ಪಲ್ ಸಮೇತ ತೆಗೆದುಕೊಂಡು ಹೋಗಿ. ಅಂಗಡಿಯವರು ಡಬಲ್ ತಂತಿದೇ ಹಾಕಿ, ಗಟ್ಟಿ ಇರುತ್ತದೆ ಅನ್ನಬಹುದು. ಸಣ್ಣ ಟ್ರ್ಯಾಕ್ಟರ್‌ಗಳ ಸ್ಟೇರಿಂಗ್ ಪ್ರೆಶರ್ ಸಾಮಾನ್ಯವಾಗಿ 150 ಬಾರ್ ಒಳಗೇ ಇರುತ್ತದೆ. ಕಾಲು ಇಂಚಿನ ಒಂದೇ ಪದರದ ತಂತಿ ಪೈಪು 225 ಬಾರ್ ತಡೆಯುತ್ತದೆ, ಎರಡು ಪದರದ್ದು 400 ಬಾರ್. ದಿನಾ ಅಲುಗಾಡುವ ಗಿಡ್ಡ ಪೈಪಿಗೆ ನನ್ನ ಮತ ಒಂದು ಪದರದ್ದಕ್ಕೇ. ಡಬಲ್ ತಂತಿದು ಬಿರುಸು, ಬಗ್ಗದೆ ನಿಪ್ಪಲನ್ನೇ ಜಗ್ಗುತ್ತದೆ. ಆದರೆ ಕಂಪನಿ ಪೈಪಿನ ಮೇಲೆ ಡಬಲ್ ಅಂತ ಅಚ್ಚಾಗಿದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ.

ನಿಪ್ಪಲ್ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಜಪಾನ್ ಮೂಲದ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಕೋನ್ (ಎಣ್ಣೆ ತಡೆಯುವ ಓರೆ ಮುಖ) ಬೇರೆ ಥರದ್ದು ಇರುತ್ತದೆ. ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವ ಬಿಎಸ್‌ಪಿ (ಬ್ರಿಟಿಷ್ ಅಳತೆಯ) ನಿಪ್ಪಲ್‌ನ ಕೋನ್ ಅದಕ್ಕೆ ಹೊಂದುವುದಿಲ್ಲ. ಆಟೆ (ತಿರುಪಿನ ಗೆರೆ) ಎರಡಕ್ಕೂ ಒಂದೇ, ಆದ್ದರಿಂದ ಆರಾಮ ಕೂರುತ್ತದೆ. ಎಣ್ಣೆ ಮಾತ್ರ ನಿಲ್ಲುವುದಿಲ್ಲ. ಎಷ್ಟು ಬಿಗಿ ಮಾಡಿದರೂ ಜಿನುಗುತ್ತದೆ ಅಂತ ಬರುವವರಲ್ಲಿ ಕೆಲವರದು ಇದೇ ಕೇಸು.

ಬಿಚ್ಚುವ ಮೊದಲು ಸುತ್ತಲೂ ನೀರು ಹೊಡೆದು ಒರೆಸಿ. ನಮ್ಮ ಎರೆಮಣ್ಣಿನ ಧೂಳು ಒಂದು ಚಿಟಿಕೆ ಒಳಗೆ ಹೋದರೂ ಸ್ಟೇರಿಂಗ್ ಯೂನಿಟ್‌ಗೆ ಗೀರು ಬೀಳುತ್ತದೆ. ಎಂಜಿನ್ ಬಂದ್ ಮಾಡಿ ಸ್ಟೇರಿಂಗ್ ಎರಡೂ ಕಡೆ ಆಡಿಸಿ, ಉಳಿದ ಪ್ರೆಶರ್ ಇಳಿಯಲಿ. ಬಿಚ್ಚಿದ ಬಾಯಿಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ಬಟ್ಟೆ, ಕಾಟನ್ ವೇಸ್ಟ್ ತುರುಕಬೇಡಿ, ಎಳೆ ಒಳಗೆ ಉಳಿಯುತ್ತದೆ. ಪ್ರತಿ ಪೈಪಿಗೂ ಬಣ್ಣದ ಟೇಪ್ ಗುರುತು ಇರಲಿ. ಸಿಲಿಂಡರ್‌ನ ಎರಡು ಪೈಪು ಅದಲು ಬದಲಾದರೆ ಎಡಕ್ಕೆ ತಿರುಗಿಸಿದಾಗ ಟ್ರ್ಯಾಕ್ಟರ್ ಬಲಕ್ಕೆ ಹೋಗುತ್ತದೆ. ಪಂಪಿನಿಂದ ಬರುವ ಪೈಪು, ವಾಪಸ್ ಹೋಗುವ ಪೈಪು ಅದಲು ಬದಲಾದರೆ ಯೂನಿಟ್ಟಿಗೇ ಪೆಟ್ಟು. ಹೊಸ ಪೈಪು ಕತ್ತರಿಸಿದಾಗ ಒಳಗೆ ರಬ್ಬರ್ ಪುಡಿ, ತಂತಿ ಚೂರು ಉಳಿದಿರುತ್ತದೆ. ಅಂಗಡಿಯಲ್ಲೇ ಗಾಳಿ ಹೊಡೆಸಿಕೊಂಡು ಬನ್ನಿ.

ಕೂರಿಸುವಾಗ ಎರಡು ಪಾನಾ ಬೇಕು. ಒಂದರಲ್ಲಿ ನಿಪ್ಪಲ್ ಹಿಡಿದು ಇನ್ನೊಂದರಲ್ಲಿ ನಟ್ ಬಿಗಿ ಮಾಡಿ. ಒಂದೇ ಪಾನಾದಲ್ಲಿ ಮಾಡಿದರೆ ಪೈಪೂ ಜೊತೆಗೆ ತಿರುಚಿಕೊಳ್ಳುತ್ತದೆ. ಪೈಪಿನ ಮೇಲೆ ಉದ್ದಕ್ಕೆ ಅಕ್ಷರಗಳ ಸಾಲು ಅಚ್ಚಾಗಿರುತ್ತದೆ. ಅದು ಸೀದಾ ಓಡಿದ್ದರೆ ಸರಿ, ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಿ. ಸೈಲೆನ್ಸರ್‌ನಿಂದ ದೂರ ಇರಲಿ, ಈ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಾಳುತ್ತದೆ. ಬ್ಯಾಟರಿ ಟರ್ಮಿನಲ್ ಹತ್ತಿರವಂತೂ ಬೇಡವೇ ಬೇಡ. ರಬ್ಬರ್ ಸವೆದು ತಂತಿ ತಾಗಿದರೆ ಕಿಡಿ ಹಾರುತ್ತದೆ.

ದ್ರಾಕ್ಷಿ ತೋಟದವರ ಕೈಯಲ್ಲಿ ಯಾವಾಗಲೂ ಜಿಐ ತಂತಿ ಇರುತ್ತದೆ, ಎಲ್ಲದಕ್ಕೂ ಅದೇ ಮದ್ದು. ದಯವಿಟ್ಟು ಇದಕ್ಕೆ ಬೇಡ ಅಣ್ಣಾರೆ. ಅಲುಗಾಟಕ್ಕೆ ತಂತಿ ರಬ್ಬರನ್ನು ಕೊಯ್ಯುತ್ತದೆ. ರಬ್ಬರ್ ಹಚ್ಚಿದ ಕ್ಲಾಂಪ್ ತನ್ನಿ. ಪಿನ್ ಹತ್ತಿರ ಚಾಸಿ ಕಡೆ ಒಂದು, ಎಕ್ಸಲ್ ಕಡೆ ಒಂದು. ನಡುವಿನ ಜೋಲಿಗೆ ಏನೂ ಕಟ್ಟಬೇಡಿ, ಅದು ಆಡಬೇಕು. ಹಳೇ ಟ್ಯೂಬ್ ಸೀಳಿ ಪೈಪಿಗೆ ಸುತ್ತುವವರೂ ಇದ್ದಾರೆ. ಅದರೊಳಗೆ ಮಣ್ಣು, ಬೋರ್ಡೋ ದ್ರಾವಣ ಸೇರಿ ನಿಪ್ಪಲ್‌ಗೆ ತುಕ್ಕು ಹತ್ತುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಕೆಂದರೆ ನೈಲಾನ್ ಸ್ಲೀವ್ ಹಾಕಿಸಿ.

ಕೊನೆಗೆ ಗಾಳಿ ತೆಗೆಯುವುದು. ಮುಂದಿನ ಗಾಲಿ ಎತ್ತಿಟ್ಟು, ಎಂಜಿನ್ ಸಣ್ಣ ರೇಸ್‌ನಲ್ಲಿಟ್ಟು, ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನ ತಿರುಗಿಸುತ್ತಿರಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ, ಎಣ್ಣೆ ಕಾಯುತ್ತದೆ. ಎಣ್ಣೆಯಲ್ಲಿ ನೊರೆ ಇದ್ದರೆ ಗಾಳಿ ಇನ್ನೂ ಇದೆ ಅಂತ ಅರ್ಥ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಸ್ಟೇರಿಂಗ್‌ಗೆ ಗೇರ್ ಬಾಕ್ಸ್ ಎಣ್ಣೆಯೇ ಹೋಗುತ್ತದೆ, ಕೆಲವಕ್ಕೆ ಬೇರೆ ಡಬ್ಬಿ ಇರುತ್ತದೆ. ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.

ಲೀಕ್ ನೋಡುವಾಗ ಕೈಯಿಂದ ಸವರಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ, ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆತು ಬೆರಳು ತೆಗೆಯುವ ತನಕ ಹೋಗುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಪ್ರೆಶರ್ ಎಣ್ಣೆ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಲೀಕ್ ನೋಡಲು ಔಷಧಿ ಬಂದ ರಟ್ಟಿನ ಡಬ್ಬಿಯ ಒಂದು ತುಂಡು ಸಾಕು, ಪೈಪಿನ ಪಕ್ಕ ಹಿಡಿದರೆ ಎಣ್ಣೆ ಕಲೆ ಬೀಳುತ್ತದೆ.

ವಾರಂಟಿ ಇನ್ನೂ ಇದ್ದರೆ ಕೆಲಸಕ್ಕೆ ಮೊದಲು ಡೀಲರ್ ಹತ್ತಿರ ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ. ರಿಮ್ ತಿರುವಿದ್ದನ್ನು ಮುಚ್ಚಿಡಬೇಡಿ, ನೋಡಿದರೆ ಅವರಿಗೆ ಗೊತ್ತಾಗಿಯೇ ಆಗುತ್ತದೆ. ಎಡ ಟೈರು ಫುಲ್ ಕಟ್‌ನಲ್ಲಿದ್ದಾಗ ಹಿಂದಿನಿಂದ ತೆಗೆದ ಒಂದು ಫೋಟೋ, ನಡುವಿನ ಪಿನ್ ಕಾಣುವಂತೆ ಇನ್ನೊಂದು ಫೋಟೋ ಹಾಕಿ. ಕ್ಲಾಂಪ್ ಎಲ್ಲಿ ಕೂರುತ್ತದೆ ಅಂತ ಗುರುತು ಮಾಡಿ ಹೇಳುತ್ತೇನೆ.