ಮೂರು ಹೊತ್ತಿನ ಮಾತ್ರೆ ಒಂದೇ ಹೊತ್ತಿಗೆ?

ಪ್ರಶ್ನೆ: ಜ್ವರಕ್ಕೆಂದು ಡಾಕ್ಟರು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ ಮೂರು ಬರೆದಿದ್ದಾರೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮಧ್ಯಾಹ್ನದ್ದು ಮರೆತೇ ಹೋಗುತ್ತದೆ. ಬೆಳಿಗ್ಗೆಯೇ ಮೂರನ್ನೂ ನುಂಗಿಬಿಟ್ಟರೆ ಆಗದೇ? ಅಮ್ಮನ ಬಿ.ಪಿ. ಮಾತ್ರೆ ಅಮ್ಲೋಡಿಪಿನ್ ದಿನಕ್ಕೆ ಒಂದೇ ಸಾಕಾಗುತ್ತದಲ್ಲ!
– ಓದುಗರೊಬ್ಬರು, ಸಾಗರ

ಉತ್ತರ: ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕುಳಿತವನು ನಾನು. ಯಾರನ್ನೂ ಕೇಳದೆ ಮೂರನ್ನೂ ನುಂಗಿ, ಸಂಜೆ ‘ನಿಮ್ಮ ಮಾತ್ರೆ ನಾಟಲಿಲ್ಲ’ ಎಂದು ಜಗಳಕ್ಕೆ ಬಂದವರೇ ಹೆಚ್ಚು. ನೀವು ಮೊದಲೇ ಕೇಳಿದಿರಿ, ಸಂತೋಷ.

ಅಡಿಯಲ್ಲಿ ತೂತಿರುವ ಹಂಡೆಯನ್ನು ನೆನೆಯಿರಿ. ನೀರು ಹೆಚ್ಚಿದ್ದಷ್ಟೂ ರಭಸವಾಗಿ ಸೋರುತ್ತದೆ. ರಕ್ತದಲ್ಲಿರುವ ಪ್ಯಾರಾಸಿಟಮಾಲ್ ಕೂಡ ಎರಡೂವರೆ ಗಂಟೆಗೊಮ್ಮೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಂಟು ಗಂಟೆಗೆ 1500 ಮಿಲಿಗ್ರಾಂ ನುಂಗಿದಿರಿ ಎನ್ನಿ. ಹತ್ತೂವರೆಗೆ 750, ಒಂದು ಗಂಟೆಗೆ 375, ಮೂರೂವರೆಗೆ ಇನ್ನೂರಕ್ಕಿಂತ ಕಡಿಮೆ. ರಾತ್ರಿ ಜ್ವರ ಏರುವಾಗ ಹಂಡೆ ಬರಿದು.

ಸೋರಿಸುವ ಕೆಲಸ ಯಕೃತ್ತಿನದು. ಹೆಚ್ಚಿನ ಪಾಲನ್ನು ಅದು ಹದಮಾಡಿ ಮೂತ್ರಕ್ಕೆ ದಾಟಿಸುತ್ತದೆ. ಸ್ವಲ್ಪ ಪಾಲು ಅಡ್ಡದಾರಿ ಹಿಡಿದು ವಿಷವಾಗುತ್ತದೆ. ಅದನ್ನು ತಣಿಸಲು ಗ್ಲೂಟಾಥಯೋನ್ ಎಂಬ ದಾಸ್ತಾನಿದೆ. ವಿಪರೀತ ಸುರಿದರೆ ದಾಸ್ತಾನು ಮುಗಿದು ಏಟು ಯಕೃತ್ತಿಗೇ ಬೀಳುತ್ತದೆ. ದೊಡ್ಡವರಿಗೆ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ 4 ಗ್ರಾಂ ಮಿತಿ. ಕುಡಿಯುವವರಿಗೆ, ತೀರಾ ಸಣಕಲು ಮೈಯವರಿಗೆ ಇನ್ನೂ ಕಡಿಮೆ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಇದೇ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಅಮ್ಲೋಡಿಪಿನ್ ಹಂಡೆಯ ತೂತು ಸೂಜಿಮೊನೆಯಷ್ಟು. ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ನಿಧಾನ. ನಿನ್ನೆಯದು ಉಳಿದಿರುವಾಗಲೇ ಇಂದಿನದು ಸೇರಿ, ವಾರದ ಹೊತ್ತಿಗೆ ಮಟ್ಟ ನೆಲೆಗೊಳ್ಳುತ್ತದೆ. ಶುರುಮಾಡಿದ ಮರುದಿನವೇ ಬಿ.ಪಿ. ಇಳಿಯಲಿಲ್ಲವೆಂದು ಡಾಕ್ಟರನ್ನು ಬದಲಿಸುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ.

ಇನ್ನೊಂದು ಮಾತು. ನಿಮ್ಮ ಕಡೆ ಕೊಯ್ಲಿನ ಕಾಲದಲ್ಲೇ ಮಂಗನ ಕಾಯಿಲೆಯೂ ಕಾಣಿಸಿಕೊಳ್ಳುತ್ತದೆ. ಕಾಡಿಗೆ ಹೋಗಿ ಬಂದ ಮೇಲೆ ಹಿಡಿದ ಜ್ವರವಾದರೆ ಮಾತ್ರೆಯಲ್ಲಿ ದಿನ ದೂಡದೆ ರಕ್ತ ಪರೀಕ್ಷೆ ಮಾಡಿಸಿ. ಮೈಕೈ ನೋವಿಗೆಂದು ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಿಸುತ್ತವೆ.

ಮಧ್ಯಾಹ್ನದ ಮಾತ್ರೆಯನ್ನು ಕವಳದ ಸಂಚಿಯಲ್ಲಿಡಿ. ಮದ್ದು ಮರೆತವರನ್ನು ಬೇಕಾದಷ್ಟು ಕಂಡಿದ್ದೇನೆ, ಊಟವಾದ ಮೇಲೆ ಕವಳ ಮರೆತ ಸಾಗರದವರನ್ನು ಮಾತ್ರ ಕಂಡಿಲ್ಲ.