ಸೆಕೆಂಡ್ ಮುಳ್ಳು ಎಡವೋದು ಫ್ರೇಮ್ ರೇಟ್‌ನಿಂದ

3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ್ಯಾಗ ಮಾಡಿದ ರೋಲೆಕ್ಸ್ ವಾಚ್ ಸಬ್‌ಮರೀನರ್ 16610ರ ಸೆಕೆಂಡ್ ಮುಳ್ಳು ಒಂದೇ ಲಯಕ್ಕ ಓಡವಲ್ದು ಅಂದ್ರೆ, ಬಹುಶಃ ನಿಮ್ಮ 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್) ಸೆಟ್ಟಿಂಗೇ ಕಾರಣ. ಅದರೊಳಗಿನ 3135 ಯಂತ್ರದ್ದು ಗಂಟೆಗೆ 28,800 ಬಡಿತ: ಸೆಕೆಂಡಿಗೆ 8 ಹೆಜ್ಜೆ, ಹೆಜ್ಜೆಗೆ 0.75 ಡಿಗ್ರಿ. 30 ಫ್ರೇಮನ್ನ 8 ಹೆಜ್ಜೆಗೆ ಹಂಚಿದ್ರೆ ಕೆಲವಕ್ಕ 4, ಕೆಲವಕ್ಕ 3 ಸಿಗ್ತಾವ.

ಮೊದಲು 24 ಎಫ್‌ಪಿಎಸ್ ಮಾಡ್ರಿ. ಝಡ್ ರೊಟೇಷನ್‌ಗೆ 0ನೇ ಫ್ರೇಮ್‌ನ್ಯಾಗ 0, 1440ರಾಗ ಮೈನಸ್ 360 ಡಿಗ್ರಿ ಕೀಫ್ರೇಮ್ ಹಾಕಿ, ಲೀನಿಯರ್ (ಒಂದೇ ವೇಗ) ಇಡ್ರಿ. ಆಮ್ಯಾಲೆ ಗ್ರಾಫ್ ಎಡಿಟರ್‌ನ್ಯಾಗ ಸ್ಟೆಪ್ಡ್ ಇಂಟರ್‌ಪೊಲೇಷನ್ ಮಾಡಿಫೈಯರ್, ಸ್ಟೆಪ್ ಸೈಜ್ 3 (ಹೆಜ್ಜೆಗೆ 3 ಫ್ರೇಮ್) ಹಾಕ್ರಿ. ಮುಳ್ಳಿನ ಒರಿಜಿನ್ (ಅದು ತಿರುಗೋ ಬಿಂದು) ಡಯಲ್‌ನ ನಟ್ಟನಡುವೆ ಇರಲಿ, ಇಲ್ಲಾಂದ್ರೆ ತುದಿ ನಿಮಿಷದ ಗೆರೆ ಬಿಟ್ಟು ಅಲೀತದ. (ಅಜ್ಜನ ಎಚ್‌ಎಂಟಿ ಜನತಾ ಮಾಡೋದಾದ್ರೆ 18,000 ಬಡಿತ, 25 ಎಫ್‌ಪಿಎಸ್, ಕೊನೇ ಕೀ 1500ಕ್ಕ, ಸ್ಟೆಪ್ 5.)

ವ್ಯೂಪೋರ್ಟ್ (ಬ್ಲೆಂಡರ್‌ನ ಕೆಲಸದ ಪರದೆ) ನೋಡಿ ತೀರ್ಮಾನಿಸಬ್ಯಾಡ್ರಿ, ಅದು ನಿಧಾನ ಓಡಬಹುದು, ಇಲ್ಲಾ ಫ್ರೇಮ್ ನುಂಗಬಹುದು. ವಿಡಿಯೋ ಬದಲು ಪಿಎನ್‌ಜಿ ಫ್ರೇಮ್‌ಗಳಾಗಿ ರೆಂಡರ್ ಮಾಡ್ರಿ. ರಾಯಚೂರಾಗ ನಡುವೆ ಕರೆಂಟ್ ಹೋದ್ರೂ ನಿಂತ ಫ್ರೇಮಿಂದ ಮುಂದುವರಿಸಬಹುದು.